ಲೇತ್ ಮುಂದೆ ನಿಂತವರು ಕಟ್ಟಿದ ಉದ್ಯಮ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ತಯಾರಿಸಿ ಮಾರಾಟಕ್ಕಿಟ್ಟರು. ಕೊಳ್ಳಲು ರೈತರೇ ಮುಂದೆ ಬರಲಿಲ್ಲ. ಕಬ್ಬಿಣ ತಾಗಿದರೆ ಹೊಲದ ಮಣ್ಣಿಗೆ ವಿಷವೇರುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆದರೂ ಅವರು ಕೆಲಸ ಕೈಬಿಡಲಿಲ್ಲ.

ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಮುಂಬೈನ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದವರು. ಆ ಕೆಲಸ ಬಿಟ್ಟು ಬೆಳಗಾವಿಗೆ ಬಂದು, ಅಣ್ಣ ರಾಮುವಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿದರು. ಸೈಕಲ್ ರಿಪೇರಿಯಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ನೇಗಿಲಿಗೆ ಬಂದರು. ಕೆಲಸ ಕುದುರುವ ಹೊತ್ತಿಗೆ, ಹೊಸ ಬಡಾವಣೆಗೆ ಜಾಗ ಬೇಕೆಂದು ಬೆಳಗಾವಿ ನಗರಸಭೆ ಅವರ ಕಾರ್ಖಾನೆಯನ್ನು ತೆರವು ಮಾಡಿಸಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ರೈಲು ನಿಲ್ದಾಣದ ಪಕ್ಕದಲ್ಲಿ, ಪಾಪಾಸುಕಳ್ಳಿ ಬೆಳೆದಿದ್ದ ಬಂಜರು ಭೂಮಿಯನ್ನು ಕೊಟ್ಟರು. 1910ರಲ್ಲಿ ಕಾರ್ಖಾನೆ ಅಲ್ಲಿಗೆ ಹೋಯಿತು. ಆ ಬಂಜರು ಜಾಗವೇ ಇಂದಿನ ಕಿರ್ಲೋಸ್ಕರವಾಡಿ. ಬೆಳಗಾವಿಗೆ ದಕ್ಕಬೇಕಿದ್ದ ಒಂದು ಕೈಗಾರಿಕಾ ಊರು ಈಗಿನ ಮಹಾರಾಷ್ಟ್ರದ ಪಾಲಾಯಿತು.

ಅಂದಿನಿಂದ ಇಂದಿನವರೆಗೆ ಕರ್ನಾಟಕದ ತಯಾರಿಕಾ ಉದ್ಯಮ ಬೆಳೆದ ಬಗೆಯನ್ನು ನೋಡಿದರೆ ಒಂದು ಎಳೆ ಎಲ್ಲೂ ಕಡಿದಿಲ್ಲ. ಇಲ್ಲಿ ಕಾರ್ಖಾನೆ ಕಟ್ಟಿ ಉಳಿಸಿಕೊಂಡವರಲ್ಲಿ ಬಹಳ ಮಂದಿ ಮೊದಲು ಯಂತ್ರದ ಮುಂದೆ, ಇಲ್ಲವೇ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಕೆಲಸ ಕಲಿತವರು. ಒಂದು ಕಾರ್ಖಾನೆ ಕಲಿಸಿದ ಕೈಗಳು ಹತ್ತಾರು ಹೊಸ ಶೆಡ್‌ಗಳನ್ನು ತೆರೆದಿವೆ. ಹೂಡಿಕೆದಾರರ ಸಮಾವೇಶಗಳಲ್ಲಿ ಘೋಷಣೆಯಾಗುವ ಕೋಟಿಗಳ ಲೆಕ್ಕದಲ್ಲಿ ಈ ಬಂಡವಾಳ ಸೇರುವುದೇ ಇಲ್ಲ. ನಮ್ಮ ಸ್ಥಳೀಯ ಉದ್ಯಮದ ನಿಜವಾದ ಆಸ್ತಿ ಮಾತ್ರ ಇದೇ.

ಕಲಿಸಿದ ಕಾರ್ಖಾನೆಗಳು

ಕಿರ್ಲೋಸ್ಕರ್ ಹೆಸರು ಕನ್ನಡ ನಾಡಿಗೆ ಮತ್ತೆ ಬಂದದ್ದು 1941ರಲ್ಲಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಮೂಲಕ. ಅಲ್ಲಿ ತಯಾರಾದದ್ದು ಲೇತ್. ತಿರುಗುವ ಲೋಹದ ತುಂಡಿಗೆ ಹರಿತವಾದ ಟೂಲ್ ಒತ್ತಿ, ಬೇಕಾದ ಅಳತೆಗೆ ಕೊರೆದು ತೆಗೆಯುವ ಯಂತ್ರ ಇದು. ಕಾರಿನ ಆಕ್ಸಲ್ ಆಗಲಿ, ಪಂಪ್‌ಸೆಟ್ಟಿನ ಶಾಫ್ಟ್ ಆಗಲಿ, ಇನ್ನೊಂದು ಲೇತ್‌ನ ಬಿಡಿಭಾಗವೇ ಆಗಲಿ, ಈ ಯಂತ್ರವನ್ನು ಹಾಯ್ದೇ ಬರಬೇಕು. ಯಂತ್ರಗಳನ್ನು ತಯಾರಿಸುವ ಯಂತ್ರ ಯಾವ ಊರಿನಲ್ಲಿದೆಯೋ ಆ ಊರಿಗೆ ಮಿಕ್ಕ ಉದ್ಯಮಗಳು ತಾವಾಗಿ ಬರುತ್ತವೆ. ಹರಿಹರದ ಲೇತ್‌ಗಳು ದೇಶದ ಐಟಿಐ ತರಬೇತಿ ಸಂಸ್ಥೆಗಳನ್ನೂ ಸಣ್ಣ ವರ್ಕ್‌ಶಾಪ್‌ಗಳನ್ನೂ ತುಂಬಿದವು. ಟರ್ನ್‌ಮಾಸ್ಟರ್ ಲೇತ್ ಮೇಲೆ ಕೈ ಪಳಗಿಸಿಕೊಂಡ ಟರ್ನರ್‌ಗಳ ತಲೆಮಾರುಗಳೇ ಇವೆ.

ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ದೊಡ್ಡ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಮುಂದೆ ಎಚ್‌ಎಎಲ್ ಆಯಿತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, 1948ರಲ್ಲಿ ದೂರವಾಣಿ ತಯಾರಿಸುವ ಐಟಿಐ, 1951ರಲ್ಲಿ ಮೈಕೋ, 1954ರಲ್ಲಿ ಬಿಇಎಲ್, 1964ರಲ್ಲಿ ಬೆಮೆಲ್ ಬಂದವು. ಇವುಗಳ ನಡುವೆ 1953ರಲ್ಲಿ, ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷಿನ್ ಟೂಲ್ಸ್ (ಎಚ್‌ಎಂಟಿ) ಹುಟ್ಟಿತು. ಜನ ಎಚ್‌ಎಂಟಿಯನ್ನು ಕೈಗಡಿಯಾರದಿಂದ ನೆನೆಯುತ್ತಾರೆ. ಗಡಿಯಾರ ಬಂದದ್ದು 1961ರಲ್ಲಿ, ಜಪಾನಿನ ಸಿಟಿಜನ್ ನೆರವಿನಿಂದ. ಅದಕ್ಕೂ ಮೊದಲು ಎಚ್‌ಎಂಟಿ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಕಾರ್ಖಾನೆ. ಅದು ತನ್ನದೇ ಲಾಭದಿಂದ ಎರಡನೇ ಕಾರ್ಖಾನೆ ಕಟ್ಟಿಕೊಂಡಿತು. ನಂತರ ಪಿಂಜೋರ್, ಕಳಮಶ್ಶೇರಿ, ಹೈದರಾಬಾದಿಗೂ ಹಬ್ಬಿತು. ಆ ಬೆಳವಣಿಗೆಯ ಕಾಲದಲ್ಲಿ ಸಂಸ್ಥೆಯನ್ನು ಮುನ್ನಡೆಸಿದವರು ಎಸ್.ಎಂ. ಪಾಟೀಲ.

ಈ ಕಾರ್ಖಾನೆಗಳ ಉತ್ಪನ್ನಗಳಷ್ಟೇ ಮುಖ್ಯವಾದದ್ದು ಅವುಗಳ ತರಬೇತಿ ವಿಭಾಗ. ಹಳ್ಳಿಯಿಂದ ಬಂದ ಹದಿನೆಂಟರ ಹುಡುಗ ಅಪ್ರೆಂಟಿಸ್ ಆಗಿ ಸೇರಿ, ಮೊದಲ ತಿಂಗಳುಗಳನ್ನು ಬರೀ ಅರ ಹಿಡಿದು ಕಬ್ಬಿಣದ ತುಂಡನ್ನು ಚೌಕ ಮಾಡುವುದರಲ್ಲೇ ಕಳೆಯುತ್ತಿದ್ದ. ಅದಾದ ಮೇಲೆ ವರ್ನಿಯರ್, ಮೈಕ್ರೊಮೀಟರ್, ಡ್ರಾಯಿಂಗ್ ಓದುವುದು, ಯಂತ್ರ ನಡೆಸುವುದು. ಇವುಗಳ ಜೊತೆಗೆ ಇನ್ನಷ್ಟು ಸಂಸ್ಥೆಗಳು ಸೇರಿಕೊಂಡವು. ತುಮಕೂರು ರಸ್ತೆಯ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಅಂದರೆ ಈಗಿನ ಸಿಎಂಟಿಐ, 1962ರಲ್ಲಿ ಚೆಕೊಸ್ಲೊವಾಕಿಯಾದ ಸಹಕಾರದಿಂದ ಬಂದದ್ದು. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ರಾಜಾಜಿನಗರದಲ್ಲಿ ಶುರುವಾಯಿತು. ಸಾಲಕ್ಕೆ 1959ರ ಕೆಎಸ್‌ಎಫ್‌ಸಿ, ಶೆಡ್ಡಿಗೆ 1960ರ ಕೆಎಸ್‌ಎಸ್‌ಐಡಿಸಿ, ಜಮೀನಿಗೆ 1966ರ ಕೆಐಎಡಿಬಿ ಇದ್ದವು. ಕಲಿಕೆ, ಸಾಲ, ಶೆಡ್, ಜಾಗ ನಾಲ್ಕೂ ಒಂದೇ ಊರಿನಲ್ಲಿ, ಒಂದೇ ಕಾಲಕ್ಕೆ ಸಿಕ್ಕಿದ್ದರಿಂದಲೇ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯ ಇಂದಿನ ಪೀಣ್ಯವಾಯಿತು. ಕಾರ್ಖಾನೆಯ ನೌಕರಿ ಬಿಟ್ಟು ಬಾಡಿಗೆ ಶೆಡ್ಡಿನಲ್ಲಿ ಒಂದು ಲೇತ್ ಹಾಕಿಕೊಂಡ ಫಿಟ್ಟರ್, ತಾನು ಬಿಟ್ಟುಬಂದ ಕಾರ್ಖಾನೆಯಿಂದಲೇ ಮೊದಲ ಆರ್ಡರ್ ತಂದ ಉದಾಹರಣೆಗಳು ಅಲ್ಲಿ ಸಾಕಷ್ಟಿವೆ.

ಮೈಕ್ರಾನ್ ಲೆಕ್ಕ

ಆ ಕೈಗಳು ಕಲಿತದ್ದೇನು ಎಂಬುದು ಗೊತ್ತಾಗಬೇಕಾದರೆ ಯಂತ್ರ ಕಟ್ಟುವ ಜಾಗದಲ್ಲಿ ಸ್ಕ್ರೇಪಿಂಗ್ ಕೆಲಸ ನೋಡಬೇಕು. ಲೇತ್‌ನ ಜಾರುವ ಭಾಗ ಮತ್ತು ಅದು ಜಾರುವ ಹಾಸು ಒಂದಕ್ಕೊಂದು ಸಮನಾಗಿ ಕೂರಬೇಕು. ಗ್ರೈಂಡಿಂಗ್ ಮಾಡಿ ಕನ್ನಡಿಯಂತೆ ಹೊಳೆಯುವ ಮೇಲ್ಮೈ ಕೂಡ ನಿಜಕ್ಕೂ ಸಮತಟ್ಟಾಗಿರುವುದಿಲ್ಲ. ಫಿಟ್ಟರ್ ಒಂದು ಅಳತೆಪಲಗೆಗೆ ತೆಳುವಾಗಿ ನೀಲಿ ಬಣ್ಣ ಸವರಿ, ಮೇಲ್ಮೈ ಮೇಲೆ ಉಜ್ಜುತ್ತಾನೆ. ಉಬ್ಬಿರುವ ಕಡೆಗಳಲ್ಲಿ ಮಾತ್ರ ನೀಲಿ ಚುಕ್ಕೆ ಹತ್ತುತ್ತದೆ. ಉಳಿಯಂಥ ಸ್ಕ್ರೇಪರ್ ಹಿಡಿದು, ಸೊಂಟದ ಬಲ ಕೊಟ್ಟು, ಆ ಚುಕ್ಕೆಗಳನ್ನಷ್ಟೇ ಕೆರೆಯುತ್ತಾನೆ. ಒಂದು ಕೆರೆತಕ್ಕೆ ಹೋಗುವುದು ಕೆಲವೇ ಮೈಕ್ರಾನ್ ಲೋಹ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಹತ್ತಿರ ಹತ್ತಿರ ಐವತ್ತರಿಂದ ನೂರು ಮೈಕ್ರಾನ್. ಮತ್ತೆ ಬಣ್ಣ, ಮತ್ತೆ ಉಜ್ಜು, ಮತ್ತೆ ಕೆರೆತ. ಚುಕ್ಕೆಗಳು ಮೇಲ್ಮೈ ತುಂಬ ಒಂದೇ ಸಮನಾಗಿ ಹರಡುವವರೆಗೂ ಇದು ನಡೆಯುತ್ತದೆ. ಕೆರೆದ ಸಣ್ಣ ಗುಳಿಗಳಲ್ಲಿ ಎಣ್ಣೆ ನಿಲ್ಲುವುದರಿಂದ ಯಂತ್ರ ವರ್ಷಗಟ್ಟಲೆ ಸವೆಯದೆ ಜಾರುತ್ತದೆ.

ಗಣಕ ನಿಯಂತ್ರಿತ ಸಿಎನ್‌ಸಿ ಯಂತ್ರಗಳು ಬಂದ ಮೇಲೂ ಅತಿ ನಿಖರ ಯಂತ್ರಗಳನ್ನು ಕಟ್ಟುವಲ್ಲಿ ಈ ಕೈಕೆಲಸಕ್ಕೆ ಬೆಲೆಯಿದೆ. ಯಂತ್ರದ ನಿಖರತೆ ಅದನ್ನು ಕಟ್ಟಿದವನ ನಿಖರತೆಯನ್ನು ಮೀರುವುದು ಕಷ್ಟ. ಇಂಥ ಫಿಟ್ಟರ್ ತಯಾರಾಗಲು ವರ್ಷಗಳು ಬೇಕು. ಹಣ ಸುರಿದು ಆರು ತಿಂಗಳಲ್ಲಿ ಕಟ್ಟಡ ಎಬ್ಬಿಸಬಹುದು, ವಿದೇಶದಿಂದ ಯಂತ್ರ ತರಿಸಬಹುದು. ಇಂಥ ಕೈಗಳನ್ನು ತರಿಸಲಾಗುವುದಿಲ್ಲ.

ಬಾಗಿಲು ತೆರೆದಾಗ ಉಳಿದವರು

1991ರ ಆರ್ಥಿಕ ಉದಾರೀಕರಣದ ನಂತರ ಆಮದು ಸುಂಕ ಇಳಿಯುತ್ತಾ ಬಂತು. ಹೊರಗಿನ ಯಂತ್ರಗಳು ಒಳಬಂದವು. ಕೈಯಿಂದ ನಡೆಸುವ ಸಾಂಪ್ರದಾಯಿಕ ಲೇತ್‌ಗಳಿಗೆ ಬೇಡಿಕೆ ಕುಸಿಯಿತು. ಹರಿಹರದ ಮೈಸೂರು ಕಿರ್ಲೋಸ್ಕರ್ ಹೊಸ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಎಚ್‌ಎಂಟಿ ಸೊರಗುತ್ತಾ ಹೋಯಿತು, ಅದರ ಗಡಿಯಾರ ಘಟಕ ಮುಚ್ಚುವ ನಿರ್ಧಾರ 2016ರಲ್ಲಿ ಬಂತು. ಕಲಿಸಿದ ಕಾರ್ಖಾನೆಗಳೇ ಹೀಗೆ ಬಿದ್ದಾಗ ಅವುಗಳ ಸುತ್ತ ಬೆಳೆದವರು ಉಳಿದರೇ?

ಉಳಿದವರ ಉದಾಹರಣೆಗೆ ಏಸ್ ಡಿಸೈನರ್ಸ್ ಕಂಪನಿಯನ್ನು ನೋಡಬಹುದು. ಯಂತ್ರ ವಿನ್ಯಾಸದಲ್ಲಿ ಪಳಗಿದ ಮೂವರು ಎಂಜಿನಿಯರುಗಳು, ಶ್ರೀನಿವಾಸ ಶಿರಗೂರಕರ್, ಎ.ವಿ. ಸಾಠೆ ಮತ್ತು ಬಿ. ಮಚಾಡೊ, 1979ರಲ್ಲಿ ಬೆಂಗಳೂರಿನಲ್ಲಿ ಇದನ್ನು ಶುರು ಮಾಡಿದರು. ಕಂಪನಿಯ ಹೆಸರೇ ಹೇಳುವಂತೆ ಅವರ ಬಲವಿದ್ದದ್ದು ವಿನ್ಯಾಸದಲ್ಲಿ. ಮುಂದೆ ಸಿಎನ್‌ಸಿ ಲೇತ್‌ಗಳನ್ನು ತಾವೇ ತಯಾರಿಸತೊಡಗಿದರು. ಸಿಎನ್‌ಸಿ ಯಂತ್ರದಲ್ಲಿ ಕೈಯಿಂದ ಚಕ್ರ ತಿರುಗಿಸುವ ಕೆಲಸವಿಲ್ಲ. ಅಳತೆಗಳನ್ನು ಪ್ರೋಗ್ರಾಂ ರೂಪದಲ್ಲಿ ಕೊಟ್ಟರೆ ಕಂಟ್ರೋಲರ್ ಅದನ್ನು ಓದಿ, ಸರ್ವೊ ಮೋಟಾರುಗಳಿಂದ ಟೂಲನ್ನು ಚಲಿಸುವಂತೆ ಮಾಡುತ್ತದೆ. ಮೊದಲ ತುಂಡು ಸರಿಬಂದರೆ ಸಾವಿರದನೆಯದೂ ಅದೇ ಅಳತೆಗೆ ಬರುತ್ತದೆ. ಇಂಥ ಯಂತ್ರ ಸ್ಥಳೀಯವಾಗಿ, ಕೈಗೆಟಕುವ ಬೆಲೆಗೆ ಸಿಕ್ಕಿದಾಗ, ಅಲ್ಲಿಯವರೆಗೆ ಹಳೆಯ ಲೇತ್‌ನಲ್ಲಿ ದುಡಿಯುತ್ತಿದ್ದ ಸಣ್ಣ ಶೆಡ್‌ಗಳಿಗೆ ವಾಹನ ಕಂಪನಿಗಳ ಆರ್ಡರ್ ಹಿಡಿಯುವ ಧೈರ್ಯ ಬಂತು. ಕೆಟ್ಟರೆ ರಿಪೇರಿಗೆ ಆಳು ಅದೇ ದಿನ ಬರುತ್ತಾನೆ, ಬಿಡಿಭಾಗಕ್ಕೆ ಹಡಗು ಕಾಯಬೇಕಿಲ್ಲ ಎಂಬುದು ಸಣ್ಣವರಿಗೆ ಯಂತ್ರದ ಬೆಲೆಯಷ್ಟೇ ಮುಖ್ಯ. ಇಂದು ಏಸ್ ಡಿಸೈನರ್ಸ್ ಸೇರಿರುವ ಏಸ್ ಮೈಕ್ರೊಮ್ಯಾಟಿಕ್ ಸಮೂಹ ದೇಶದ ಅತಿ ದೊಡ್ಡ ಯಂತ್ರೋಪಕರಣ ತಯಾರಕರ ಸಾಲಿನಲ್ಲಿದೆ.

ಪೀಣ್ಯದ್ದೇ ಇನ್ನೊಂದು ಕಂಪನಿ ಡೈನಮ್ಯಾಟಿಕ್ ಟೆಕ್ನಾಲಜೀಸ್. ಉದಯಾಂತ್ ಮಲ್ಹೋತ್ರಾ ಮುನ್ನಡೆಸುತ್ತಿರುವ ಈ ಕಂಪನಿ ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಪಂಪ್‌ಗಳಿಂದ ಹೆಸರಾದದ್ದು. ಅಲ್ಲಿಂದ ಮುಂದೆ ಸಾಗಿ ಏರ್‌ಬಸ್ ಎ320 ವಿಮಾನಗಳ ರೆಕ್ಕೆಯಲ್ಲಿ ಫ್ಲಾಪ್‌ಗಳನ್ನು ಹೊರುವ ಫ್ಲಾಪ್ ಟ್ರ್ಯಾಕ್ ಬೀಮ್‌ಗಳನ್ನು ಪೂರೈಸುವಷ್ಟು ಬೆಳೆಯಿತು. 2024ರ ಫೆಬ್ರುವರಿಯಲ್ಲಿ ಎ220 ವಿಮಾನಗಳ ಬಾಗಿಲು ತಯಾರಿಸುವ ಗುತ್ತಿಗೆಯೂ ಸಿಕ್ಕಿತು. ಗಿರಾಕಿ ಕೊಟ್ಟ ಡ್ರಾಯಿಂಗ್‌ನಂತೆ ತುಂಡು ಕೊರೆದು ಕೊಡುವುದರಲ್ಲೇ ನಿಲ್ಲದೆ, ಅದನ್ನು ಇನ್ನೂ ಚೆನ್ನಾಗಿ ತಯಾರಿಸುವ ಕ್ರಮವನ್ನು ಸ್ವತಃ ಕಂಡುಕೊಂಡವರು ದೊಡ್ಡ ಗಿರಾಕಿಯ ನಂಬಿಕೆ ಗಳಿಸಿದ್ದಾರೆ. ಬೆಳೆದ ಎಲ್ಲ ಕಂಪನಿಗಳಲ್ಲೂ ಈ ಗುಣ ಕಾಣುತ್ತದೆ.

ಬೆಳಗಾವಿ ಕಂಡುಕೊಂಡ ದಾರಿ

ಕಿರ್ಲೋಸ್ಕರರನ್ನು ಕಳೆದುಕೊಂಡ ಬೆಳಗಾವಿ ಮುಂದೆ ತನ್ನದೇ ಉದ್ಯಮಿಗಳನ್ನು ಬೆಳೆಸಿಕೊಂಡಿತು. ಉದ್ಯಮಬಾಗ್ ಮತ್ತು ಮಚ್ಛೆಯ ಎರಕದ ಕಾರ್ಖಾನೆಗಳು ವಾಹನ, ಪಂಪ್, ವಾಲ್ವ್ ಕಂಪನಿಗಳಿಗೆ ಕಾಸ್ಟಿಂಗ್ ಪೂರೈಸುತ್ತವೆ. ಎರಕದವರು ಕರಗಿಸಿ ಹೊಯ್ದದ್ದನ್ನು ಪಕ್ಕದ ಶೆಡ್‌ನವರು ಮಷಿನಿಂಗ್ ಮಾಡುತ್ತಾರೆ. ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ಮಾಲು ಟೆಂಪೊದಲ್ಲೇ ಸಾಗುತ್ತದೆ.

ಈ ಊರಿನ ಸುರೇಶ ಹುಂದ್ರೆ 1981ರಲ್ಲಿ ಶುರು ಮಾಡಿದ ಪಾಲಿಹೈಡ್ರಾನ್ ಹೈಡ್ರಾಲಿಕ್ ಪಂಪ್ ಮತ್ತು ವಾಲ್ವ್‌ಗಳ ಕಂಪನಿ. ಲಂಚ ಕೊಡದೆ, ತೆರಿಗೆ ತಪ್ಪಿಸದೆ, ಕಂಪನಿಯ ಲೆಕ್ಕವನ್ನು ಕೆಲಸಗಾರರಿಂದ ಮುಚ್ಚಿಡದೆ ಕಾರ್ಖಾನೆ ನಡೆಸಬಹುದು ಎಂದು ಹುಂದ್ರೆ ನಡೆಸಿಯೇ ತೋರಿಸಿದರು. ನೀತಿಯಿಂದ ನಡೆದರೆ ಸಣ್ಣ ಉದ್ಯಮ ಉಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಎಷ್ಟು ಆಳವಾಗಿ ಕೂತಿದೆಯೆಂದರೆ, ಅದನ್ನು ಸುಳ್ಳು ಮಾಡಿದ ಇಂಥ ಒಂದು ಕಾರ್ಖಾನೆಗೂ ದೊಡ್ಡ ಬೆಲೆಯಿದೆ. ಕೆಲಸಗಾರನನ್ನು ನಂಬಿದಾಗ ಮೇಲ್ವಿಚಾರಣೆಯ ಖರ್ಚು ಇಳಿಯುತ್ತದೆ, ಗುಣಮಟ್ಟದ ಹೊಣೆ ಯಂತ್ರದ ಮುಂದಿರುವವನದೇ ಆಗುತ್ತದೆ.

ಮುಂದಿನ ತಲೆಮಾರಿನ ಅರವಿಂದ ಮೆಳ್ಳಿಗೇರಿ ಅಮೆರಿಕದಲ್ಲಿ ಎಂಜಿನಿಯರಿಂಗ್ ಸೇವೆಯ ಕಂಪನಿ ಕಟ್ಟಿದ ಅನುಭವ ಹೊತ್ತು ಬೆಳಗಾವಿ ಕಡೆ ತಿರುಗಿದವರು. ಪುಣೆ–ಬೆಂಗಳೂರು ಹೆದ್ದಾರಿಯ ಹತ್ತರಗಿಯಲ್ಲಿ 2009ರಲ್ಲಿ ಶುರುವಾದ ಅವರ ಏಕಸ್ ಸಮೂಹದ ವಿಶೇಷ ಆರ್ಥಿಕ ವಲಯ ವಿಮಾನದ ಬಿಡಿಭಾಗಗಳಿಗೆ ಹೆಸರಾಗಿದೆ. ವಿಮಾನದ ಎಷ್ಟೋ ಲೋಹದ ಭಾಗಗಳು ಮೊದಲು ಫೋರ್ಜಿಂಗ್ ಆಗಬೇಕು, ಅಂದರೆ ಕಾಯಿಸಿ ಒತ್ತಿ ರೂಪಿಸಬೇಕು. ಆಮೇಲೆ ಮಷಿನಿಂಗ್, ಆಮೇಲೆ ತುಕ್ಕು ಹಿಡಿಯದಂತೆ ಮೇಲ್ಮೈ ಸಂಸ್ಕರಣೆ, ಕೊನೆಗೆ ಜೋಡಣೆ. ಒಂದೊಂದು ಹಂತಕ್ಕೂ ಭಾಗಗಳು ಬೇರೆ ಬೇರೆ ದೇಶಗಳಿಗೆ ಹೋಗಿಬರುವುದು ಈ ಉದ್ಯಮದಲ್ಲಿ ಸಾಮಾನ್ಯ. ಏಕಸ್ ಈ ಹಂತಗಳನ್ನು ಒಂದೇ ಆವರಣಕ್ಕೆ ತಂದಿತು. ಫೋರ್ಜಿಂಗ್‌ಗೆ ಫ್ರಾನ್ಸಿನ ಒಬೆರ್ ಎ ದುವಾಲ್, ಮೇಲ್ಮೈ ಸಂಸ್ಕರಣೆಗೆ ಕೆನಡಾದ ಮೆಗೆಲಾನ್ ಪಾಲುದಾರರಾದರು. ಇದೇ ಬಗೆಯ ಗುಚ್ಛವನ್ನು ಆಟಿಕೆಗಳಿಗಾಗಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯಲ್ಲಿ ಕಟ್ಟಲು ಸಮೂಹ ಮುಂದಾಯಿತು. ಬೆಂಗಳೂರು ಬಿಟ್ಟು ಹೊರಗೆ ಉನ್ನತ ತಯಾರಿಕೆ ಆಗದು ಎನ್ನುವವರಿಗೆ ಹತ್ತರಗಿ ಉತ್ತರವಾಗಿ ನಿಂತಿದೆ.

ಮೈಸೂರಿನಿಂದ ಸಾಣಂದ್‌ಗೆ

ಮೈಸೂರಿನಲ್ಲಿ ರಮೇಶ್ ಕುಂಞಿಕಣ್ಣನ್ 1988ರಲ್ಲಿ ಆರಂಭಿಸಿದ ಕೇನ್ಸ್ ಟೆಕ್ನಾಲಜಿ ಬೇರೆ ಕಂಪನಿಗಳಿಗಾಗಿ ಎಲೆಕ್ಟ್ರಾನಿಕ್ ಬೋರ್ಡ್‌ಗಳನ್ನು ಜೋಡಿಸಿಕೊಡುತ್ತಾ ಬೆಳೆದ ಸಂಸ್ಥೆ. ಷೇರುಪೇಟೆಗೆ ಬಂದದ್ದು 2022ರ ನವೆಂಬರ್‌ನಲ್ಲಿ, ಅಂದರೆ ಮೂವತ್ತನಾಲ್ಕು ವರ್ಷಗಳ ದುಡಿಮೆಯ ನಂತರ. ತಯಾರಿಕೆಯಲ್ಲಿ ಬೆಳವಣಿಗೆ ಎಂದರೆ ಹೀಗೆ ನಿಧಾನದ್ದು. ಪ್ರತಿ ಗಿರಾಕಿಯ ಪರೀಕ್ಷೆ ಪಾಸಾಗಲು ತಿಂಗಳುಗಳು, ರಿಜೆಕ್ಷನ್ ಇಳಿಸಲು ವರ್ಷಗಳು ಬೇಕು.

ಈ ಕಂಪನಿ ಚಿಪ್ ಜೋಡಣೆ ಮತ್ತು ಪರೀಕ್ಷೆಯ ಘಟಕ ಕಟ್ಟಲು ಹೊರಟಾಗ ಆರಿಸಿಕೊಂಡದ್ದು ಗುಜರಾತಿನ ಸಾಣಂದ್. ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಕೇಂದ್ರದ ನೆರವಿನ ಮೇಲೆ ಗುಜರಾತ್ ತನ್ನ ಪಾಲಿನ ಸಹಾಯಧನವನ್ನೂ ಸೇರಿಸುತ್ತದೆ. ಒಂದು ಕಂಪನಿ ದೇಶದ ಯಾವ ಮೂಲೆಯಲ್ಲಾದರೂ ಬೆಳೆಯಲಿ, ಅದು ಸಂತೋಷದ ಮಾತೇ. ಆದರೂ ಚಿಪ್ ವಿನ್ಯಾಸದಲ್ಲಿ ದೇಶಕ್ಕೇ ಮೊದಲಿರುವ ರಾಜ್ಯ, ತನ್ನದೇ ಊರಿನ ಕಂಪನಿಯ ಚಿಪ್ ಘಟಕವನ್ನು ಇಲ್ಲಿ ನಿಲ್ಲಿಸಿಕೊಳ್ಳಲಾಗಲಿಲ್ಲ ಎಂಬುದನ್ನು ಕರ್ನಾಟಕ ಗಂಭೀರವಾಗಿ ಯೋಚಿಸಬೇಕು. 1910ರಲ್ಲಿ ಬೆಳಗಾವಿ ತೆತ್ತ ಬೆಲೆ ನಮ್ಮ ಕಣ್ಣ ಮುಂದಿದೆ. ಉದ್ಯಮ ಎಲ್ಲಿ ಸ್ವಾಗತ ಸಿಗುತ್ತದೋ ಅಲ್ಲಿಗೆ ಹೋಗುತ್ತದೆ, ಹೋದ ಮೇಲೆ ಅದರ ಸುತ್ತ ಬೆಳೆಯುವ ನೂರು ಸಣ್ಣ ಘಟಕಗಳೂ ಅಲ್ಲೇ ಬೆಳೆಯುತ್ತವೆ.

ಶೆಡ್ಡಿನ ಹಣಕಾಸು

ದೊಡ್ಡ ಹೆಸರುಗಳ ಕೆಳಗೆ ಸಾವಿರಾರು ಜಾಬ್‌ವರ್ಕ್ ಘಟಕಗಳಿವೆ. ದೊಡ್ಡ ಕಂಪನಿಯೋ ಅದರ ಮೊದಲ ಹಂತದ ಪೂರೈಕೆದಾರರೋ ಕಚ್ಚಾ ಮಾಲು ಮತ್ತು ಡ್ರಾಯಿಂಗ್ ಕಳಿಸುತ್ತಾರೆ. ಶೆಡ್‌ನವರು ಮಷಿನಿಂಗ್ ಮಾಡಿ, ಇನ್‌ಸ್ಪೆಕ್ಷನ್ ರಿಪೋರ್ಟ್ ಇಟ್ಟು ಮರಳಿಸುತ್ತಾರೆ. ಯಂತ್ರ ಓಡುವ ಗಂಟೆಗೆ ಇಷ್ಟೆಂದು ದರ. ಯಂತ್ರ ಸಾಲದ್ದು, ಕಂತು ತಿಂಗಳಿಗೊಮ್ಮೆ ಬರುತ್ತದೆ, ವಿದ್ಯುತ್ ಬಿಲ್ಲೂ ಸಂಬಳವೂ ತಿಂಗಳಿಗೊಮ್ಮೆಯೇ. ಗಿರಾಕಿಯ ಹಣ ಮಾತ್ರ ಅರವತ್ತು, ತೊಂಬತ್ತು ದಿನ ಕಳೆದು ಬರುತ್ತದೆ, ಕೆಲವೊಮ್ಮೆ ಇನ್ನೂ ತಡ. ನಡುವಿನ ಅಂತರ ತುಂಬಲು ಓವರ್‌ಡ್ರಾಫ್ಟ್, ಅದೂ ಸಾಲದಾದಾಗ ಮನೆಯ ಒಡವೆ. ಕೈಯಲ್ಲಿ ಆರ್ಡರ್ ಇದ್ದೂ ಮುಚ್ಚಿದ ಘಟಕಗಳಿವೆ. ಅವನ್ನು ಮುಳುಗಿಸಿದ್ದು ಬಾರದ ಬಿಲ್.

ಕಾನೂನು ಇಲ್ಲವೆಂದಲ್ಲ. ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ ಸಣ್ಣ ಘಟಕಗಳಿಗೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನೂ ಬೆನ್ನಿಗೆ ನಿಂತಿತು. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ ಕೊಳ್ಳುವ ಕಂಪನಿ ಆ ವರ್ಷ ಅದನ್ನು ಖರ್ಚಾಗಿ ತೋರಿಸುವಂತಿಲ್ಲ. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಸಿಗದು ಎಂಬ ಭಯ ಶೆಡ್‌ನವರನ್ನು ಸುಮ್ಮನಿರಿಸುತ್ತದೆ. ಈ ಭಯ ಹೋಗಬೇಕಾದರೆ ಸರ್ಕಾರದ ಉದ್ದಿಮೆಗಳೂ ದೊಡ್ಡ ಕಂಪನಿಗಳೂ ಮೊದಲು ತಾವೇ ಗಡುವು ಪಾಲಿಸಿ ತೋರಿಸಬೇಕು.

ಮುಂದಿನ ತಲೆಮಾರಿಗೆ

ಪೀಣ್ಯದಲ್ಲಿ ಈಗ ಜಾಗದ ಬೆಲೆ ಎಷ್ಟಿದೆಯೆಂದರೆ ಲೇತ್ ಓಡಿಸುವುದಕ್ಕಿಂತ ಶೆಡ್ಡನ್ನು ಗೋದಾಮಿಗೆ ಬಾಡಿಗೆ ಕೊಡುವುದೇ ಲಾಭ. ಮಾಲೀಕರ ಮಕ್ಕಳು ಸಾಫ್ಟ್‌ವೇರ್ ಹಿಡಿದಿದ್ದಾರೆ. ಯಂತ್ರದ ಮುಂದೆ ಒಡಿಶಾ, ಬಿಹಾರದ ಹುಡುಗರಿದ್ದಾರೆ. ಅವರು ದುಡಿಮೆಗಾರರು, ಕಲಿಯುವ ಹಸಿವೂ ಅವರಲ್ಲಿದೆ. ಅವರಿಗೆ ಕಲಿಸುವವರು ಯಾರು, ಕಲಿತ ಮೇಲೆ ಇಲ್ಲೇ ಶೆಡ್ ತೆರೆಯಲು ಸಾಲ ಕೊಡುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲ.

ಇನ್ನೂ ದಾಟಬೇಕಾದ ಹೊಳೆಗಳಿವೆ. ಇಲ್ಲಿ ಕಟ್ಟುವ ಸಿಎನ್‌ಸಿ ಯಂತ್ರಗಳ ಮಿದುಳಾದ ಕಂಟ್ರೋಲರ್ ಬಹುಪಾಲು ಜಪಾನ್, ಜರ್ಮನಿ ಕಂಪನಿಗಳದು. ನಿಖರ ಬಾಲ್‌ಸ್ಕ್ರೂಗಳಿಗೂ ಆಮದೇ ಗತಿ. ದೇಶ ಬಳಸುವ ಯಂತ್ರೋಪಕರಣಗಳಲ್ಲಿ ದೊಡ್ಡ ಪಾಲು ಇಂದಿಗೂ ಹೊರಗಿನದು. ತುಮಕೂರಿನ ವಸಂತನರಸಾಪುರದಲ್ಲಿ ಯಂತ್ರೋಪಕರಣಗಳಿಗೆಂದೇ ಪಾರ್ಕ್ ರೂಪಿಸಿದ್ದು ಒಳ್ಳೆಯ ಹೆಜ್ಜೆ. ಅಲ್ಲಿ ಜಮೀನಿನ ಜೊತೆಗೆ ಪರೀಕ್ಷಾಲಯವೂ ಬಾಡಿಗೆಗೆ ಸಿಗುವ ಸಣ್ಣ ಶೆಡ್‌ಗಳೂ ಇದ್ದರಷ್ಟೇ ಹೊಸಬರು ಕಾಲಿಡಬಲ್ಲರು.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ, ಬಿಡದೆ ಮಾಡಬೇಕಾದದ್ದು. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಒಂದು ವರ್ಷ ಪೂರ್ತಿ ಕಾರ್ಖಾನೆಯಲ್ಲೇ ಕಳೆಯುವ ಜಿಟಿಟಿಸಿಯ ಕ್ರಮ ಎಲ್ಲ ಐಟಿಐ, ಪಾಲಿಟೆಕ್ನಿಕ್‌ಗಳಿಗೂ ಬರಲಿ. ಅಪ್ರೆಂಟಿಸ್‌ಗಳನ್ನು ಕಡಿಮೆ ಕೂಲಿಯ ಆಳುಗಳಂತೆ ಬಳಸದೆ ನಿಜವಾಗಿ ಕಲಿಸುವ ಕಂಪನಿಗೆ ಸಹಾಯಧನದಲ್ಲಿ ಮೊದಲ ಪಾಲು ಸಿಗಲಿ. ಬ್ಯಾಂಕುಗಳು ಅಡಮಾನದ ಆಸ್ತಿಯನ್ನಷ್ಟೇ ನೋಡದೆ ಕೈಯಲ್ಲಿರುವ ಆರ್ಡರನ್ನೂ, ಕೆಲಸ ಬಲ್ಲ ಕೈಯನ್ನೂ ನೋಡಿ ಸಾಲ ಕೊಡಲಿ. 1983ರಿಂದ ಮಹಿಳಾ ಉದ್ಯಮಿಗಳಿಗಾಗಿ ದುಡಿಯುತ್ತಿರುವ ಅವೇಕ್‌ನಂಥ ಸಂಘಟನೆಗಳ ಅನುಭವ ಮಷಿನ್ ಶಾಪ್‌ಗಳಿಗೂ ಹರಿಯಲಿ, ಏಕೆಂದರೆ ಈ ವಲಯ ಇನ್ನೂ ನಾಡಿನ ಅರ್ಧ ಪ್ರತಿಭೆಯನ್ನು ಹೊರಗಿಟ್ಟೇ ನಡೆಯುತ್ತಿದೆ.

ಹೊರಗಿನ ದೊಡ್ಡ ಕಂಪನಿ ಬಂದರೆ ನೌಕರಿ ಸಿಗುತ್ತದೆ, ಅದನ್ನು ಬೇಡ ಎನ್ನುವವರಿಲ್ಲ. ಅದರ ಜೊತೆಗೆ, ಆ ನೌಕರಿಯಲ್ಲಿ ಕೆಲಸ ಕಲಿತ ಯುವಕ ಯುವತಿಯರು ಹತ್ತು ವರ್ಷದ ಮೇಲೆ ಸ್ವಂತ ಯಂತ್ರ ಹಾಕಲು ನಮ್ಮ ನೀತಿ ಎಷ್ಟು ನೆರವಾಗುತ್ತದೆ ಎಂಬುದನ್ನೂ ಪ್ರತಿ ಕೈಗಾರಿಕಾ ಒಪ್ಪಂದದಲ್ಲಿ ಕೇಳಬೇಕು. ಕನ್ನಡ ನಾಡಿನಲ್ಲಿ ಉದ್ಯಮ ಬೆಳೆದದ್ದು ಆ ದಾರಿಯಲ್ಲೇ. ಆ ದಾರಿ ತೆರೆದಿರುವಂತೆ ನೋಡಿಕೊಳ್ಳುವ ಸರ್ಕಾರವನ್ನೂ ಉದ್ಯಮ ನಾಯಕರನ್ನೂ ನಾವು ಒತ್ತಾಯಿಸಿ ಪಡೆಯಬೇಕು.